ನಾಲ್ಕು ತಾಲ್ಲೂಕು, ನಾಲ್ಕು ಪೇಸ್ಟು

ಮನೆಯಲ್ಲಿ ಮದುವೆ ಗೊತ್ತಾದರೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಛತ್ರ, ಚಪ್ಪರ, ಅಡುಗೆಯವರು, ಇವ್ಯಾವನ್ನೂ ನನಗೆ ಒಪ್ಪಿಸುವ ಧೈರ್ಯ ನಮ್ಮವರಿಗಿಲ್ಲ. ಕರೆಯಬೇಕಾದವರ ಪಟ್ಟಿಯನ್ನಷ್ಟೇ ಕೊಟ್ಟರು. ಕೂತಲ್ಲೇ ಮಾಡುವ ಕೆಲಸದಲ್ಲಿ ಇಡೀ ಮುಳಬಾಗಿಲಿನಲ್ಲಿ ನನ್ನನ್ನು ಮೀರಿಸುವವರಿಲ್ಲ.

ನನ್ನ ಲ್ಯಾಪ್‌ಟಾಪಿಗೆ ವಯಸ್ಸಾಗಿದೆ. ಬಣ್ಣ, ಚಿತ್ರ ಯಾವುದೂ ಓಡುವುದಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರದ ಲಿನಕ್ಸ್ ಕನ್ಸೋಲ್ ಮಾತ್ರ. ಹೊಸದಕ್ಕೆ ದುಡ್ಡಿಲ್ಲ ಎನ್ನುವ ಬದಲು "ಕಂಪ್ಯೂಟರ್ ಬಲ್ಲವರು ಬಳಸೋದೇ ಹೀಗೆ" ಎಂದು ಬೀಗರ ಮುಂದೆಯೂ ಹೇಳಿದ್ದೇನೆ. ಅದರಲ್ಲಿ ಕನ್ನಡ ಮೂಡುವುದಿಲ್ಲ: ಕನ್ಸೋಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಒತ್ತಕ್ಷರ ಕೂಡಿಸುವ ಬುದ್ಧಿ ಇಲ್ಲ. ಹಾಗಾಗಿ ನೆಂಟರೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಕ್ಕೆ ಇಳಿದರು.

ಪಟ್ಟಿಯನ್ನು ಒಂದು ಪ್ರೋಗ್ರಾಮಿನಿಂದ ವಿಮ್‌ಗೆ ಸಾಗಿಸಬೇಕಿತ್ತು. (ಪಾತ್ರೆ ತೊಳೆಯುವ ವಿಮ್ ಅಲ್ಲ, ಬರೆಯುವ ವಿಮ್.) ಮಗಳು ಬಂದವಳೇ ಅಭ್ಯಾಸಬಲದಿಂದ ಕಂಟ್ರೋಲ್-ಸಿ ಒತ್ತಿದಳು. ಕನ್ಸೋಲಿಗೆ ಅದು "ಸಾಕು, ನಿಲ್ಲಿಸು" ಎಂಬ ಅಪ್ಪಣೆ. ಪ್ರೋಗ್ರಾಮೇ ಮಲಗಿತು. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿ "ಪೋಯಿಂದಾ?" ಎಂದರು. ನಮ್ಮ ಕೋಲಾರದ ಕಡೆ ಯೋಗಕ್ಷೇಮವನ್ನು ಕನ್ನಡದಲ್ಲಿ, ಅಳಿಯನ ನಷ್ಟವನ್ನು ತೆಲುಗಿನಲ್ಲಿ ವಿಚಾರಿಸುತ್ತಾರೆ.

ನಾನು ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದೆ. ಜಿಪಿಎಂ ಎಂಬ ಪುಟ್ಟ ಪ್ರೋಗ್ರಾಮ್ ಹಾಕಿಕೊಂಡರೆ ಕನ್ಸೋಲಿನಲ್ಲೂ ಮೌಸ್ ಓಡುತ್ತದೆ. ಎಡಗುಂಡಿ ಒತ್ತಿ ಎಳೆದರೆ ಕಾಪಿ, ನಡುಗುಂಡಿ ಒತ್ತಿದರೆ ಪೇಸ್ಟ್. ಆದರೆ ಆ ಪೇಸ್ಟು, ಯಾರೋ ಕೂತು ಅಷ್ಟನ್ನೂ ಟೈಪ್ ಮಾಡಿದ ಹಾಗೆ. ವಿಮ್‌ನಲ್ಲಿ ಮೊದಲು 'ಐ' ಒತ್ತಿ ಬರೆಯುವ ಮೋಡ್‌ಗೆ ಹೋಗಿರಬೇಕು. ಇಲ್ಲದಿದ್ದರೆ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆ. 1976ರಲ್ಲಿ ಬಿಲ್ ಜಾಯ್ ಬರೆಯತೊಡಗಿದ ವಿಐಯಿಂದ ಬಂದ ಬಳುವಳಿ ಇದು. 'ಐ' ಒತ್ತದಿದ್ದರೆ ಏನಾಗುತ್ತದೆಂದು ಮನೆಯವರಿಗೆ ಬೇಕೆಂದೇ ತೋರಿಸಿಕೊಟ್ಟೆ. ಬೇಕೆಂದೇ ಎಂಬುದು ಆಮೇಲೆ ತೀರ್ಮಾನವಾಯಿತು.

ಪ್ರತಿ ಸಲವೂ ಎಸ್ಕೇಪ್ ಒತ್ತಿ, ಬರೆಯುವ ಮೋಡ್‌ನಿಂದ ಹೊರಬಂದು, ಒಂದೊಂದೇ ಊರನ್ನು ಪೇಸ್ಟ್ ಮಾಡಿದೆ. ಕೋಲಾರದ 'ಕೆ' ಒಂದು ಸಾಲು ಮೇಲೆ ಹತ್ತಿತು, 'ಓ' ಹೊಸ ಸಾಲು ತೆರೆಯಿತು. ಪರದೆಗೆ ಬಂದದ್ದು "ಲಾರ್". ಮುಳಬಾಗಿಲಿನ 'ಎಂ', 'ಯು' ಸೇರಿ ಗುರುತು ಹಾಕಿದವು, 'ಎಲ್', 'ಬಿ' ಹಿಂದೆ ಮುಂದೆ ಓಡಾಡಿದವು, 'ಎ' ಬರವಣಿಗೆ ಆರಂಭಿಸಿತು. ಸ್ವಂತ ಊರು "ಗಲ್" ಆಯಿತು. ಶ್ರೀನಿವಾಸಪುರದ 'ಎಸ್' ಎದುರಿಗಿದ್ದ ಒಂದಕ್ಷರ ನುಂಗಿ ತಾನೂ ಮಾಯವಾಗಿ "ರಿನಿವಾಸಪುರ" ಉಳಿಸಿತು. ಮಾಲೂರಿನದು ಇನ್ನೂ ಘನವಾದ ಕೆಲಸ: ಅದರ 'ಯು' ಎಂದರೆ ಅನ್‌ಡೂ, ಹಿಂದೆ ಮಾಡಿದ್ದೇ ರದ್ದು. ಇನ್ನು ರೆಡ್ಡಿ. ವಿಮ್‌ನಲ್ಲಿ 'ಡಿ' ಎರಡು ಸಲ ಬಿದ್ದರೆ ಇಡೀ ಸಾಲು ಅಳಿಸುತ್ತದೆ. ಸಾಲಿನ ಮೊದಲಿಗೇ ಸಣ್ಣ ಅಕ್ಷರದ ರೆಡ್ಡಿ ಬಂದರೆ, ಅವರು ಮದುವೆಗೆ ಬರುವ ಮೊದಲೇ ಇನ್ನೊಬ್ಬ ನೆಂಟ ಹೊರಗೆ. ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ರೆಡ್ಡಿಗಳಿಗೇನು ಬರವೇ?

ಕಟ್, ಕಾಪಿ, ಪೇಸ್ಟನ್ನು 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಟಿಮ್ ಮಾಟ್ ಜೊತೆ ರೂಪಿಸಿದ ಲ್ಯಾರಿ ಟೆಸ್ಲರ್‌ಗೆ ಮೋಡ್ ಎಂದರೇ ಆಗುತ್ತಿರಲಿಲ್ಲ. ಕಾರಿನ ನಂಬರ್ ಪ್ಲೇಟಿನಲ್ಲೂ "ನೋ ಮೋಡ್ಸ್" ಎಂದು ಬರೆಸಿಕೊಂಡಿದ್ದರು. ಆ ಪುಣ್ಯಾತ್ಮ 2020ರಲ್ಲಿ ತೀರಿಕೊಂಡರು. ಇದ್ದಿದ್ದರೆ ಮೊದಲ ಲಗ್ನಪತ್ರಿಕೆ ಅವರಿಗೇ.

ಇಷ್ಟು ಹೇಳುವುದರೊಳಗೆ ನನ್ನ ಹೆಂಡತಿ ಹಾಲಿನ ಲೆಕ್ಕದ ನೋಟ್‌ಬುಕ್ಕಿನಲ್ಲಿ ತಾನೇ ಬರೆದಿಟ್ಟಿದ್ದ ಪಟ್ಟಿಯ ಫೋಟೋ ತೆಗೆದು, ಪತ್ರಿಕೆ ಹಂಚುವ ತಮ್ಮನಿಗೆ ವಾಟ್ಸಾಪ್ ಮಾಡಿ ಮುಗಿಸಿದ್ದಳು. ಆಮೇಲೆ ಪಕ್ಕಕ್ಕೆ ಬಂದು ನಿಂತಳು.

"ರೀ, ಆ ಮಾಲೂರು ಹಾಕಿದ್ರೆ ಹಿಂದೆ ಮಾಡಿದ್ದು ರದ್ದಾಗುತ್ತೆ ಅಂದ್ರಲ್ಲ?"

ಕೊನೆಗೂ ಒಬ್ಬ ಶಿಷ್ಯೆ ಸಿಕ್ಕಳೆಂದು ಉಬ್ಬಿದೆ. "ಹೂಂ! ಒತ್ತುತ್ತಾ ಹೋದಷ್ಟೂ ಹಿಂದಕ್ಕೆ ಹೋಗ್ಬಹುದು."

"ನಮ್ಮ ಮದುವೆವರೆಗೂ ಹೋಗುತ್ತಾ?"