ವಲಸೆ ರಾಯರು

ನಾವಿರುವ ಹೌನ್ಸ್‌ಲೋದಲ್ಲಿ ಒಂದು ಮಾತು ಆಡಿ ಮುಗಿಸುವುದರೊಳಗೆ ಹೀಥ್ರೋಗೆ ಇಳಿಯುವ ವಿಮಾನವೊಂದು ಅದನ್ನು ನುಂಗಿ ಹೋಗುತ್ತದೆ. ಆ ವಿಮಾನಗಳಲ್ಲಿ ಬಂದ ನಮ್ಮಂಥವರು ಊರು ಬಿಟ್ಟ ಸಂಕಟ ಒಂದು ಜನ್ಮಕ್ಕೆ ಒಂದು ಸಲ ಸಾಕು ಎಂದು ಸುಮ್ಮನಿದ್ದೇವೆ. ನಾಲ್ಕು ಮನೆ ಆಚೆಯ ರಾಯರು ಹಾಗಲ್ಲ. ಸಾಗರದಿಂದ ಬೆಂಗಳೂರು, ಬೆಂಗಳೂರಿನಿಂದ ಲಂಡನ್ ಎಂದು ಎರಡೇ ಸಲ ಪೆಟ್ಟಿಗೆ ಕಟ್ಟಿದ ಅವರು ಫೋನಿನೊಳಗೆ ಮಾತ್ರ ಕಡಿಮೆಯೆಂದರೆ ಹತ್ತು ಸಲ ಗುಳೆ ಎದ್ದಿದ್ದಾರೆ. ಎದ್ದಾಗಲೆಲ್ಲ ನಮ್ಮನ್ನೂ ಎಬ್ಬಿಸಿಕೊಂಡು ಹೋಗಿದ್ದಾರೆ.

ಇಂಥವರೊಬ್ಬರು ನಿಮ್ಮ ಬಳಗದಲ್ಲೂ ಇದ್ದಾರು. ಗುರುತು ಹಿಡಿಯುವುದು ಸುಲಭ. ನಾನು ಕುಕೀ ಎಂಬ ಪದ ಕಂಡೊಡನೆ ಬಿಸ್ಕತ್ತಿನ ನೆನಪಾಗಿ ‘ಒಪ್ಪಿದೆ’ ಎಂದು ಒತ್ತಿಬಿಡುವ ಜಾತಿ; ರಾಯರು ಅದರ ಹದಿನೆಂಟು ಪುಟ ಓದಿ, ಹನ್ನೆರಡು ಗುಂಡಿ ಆರಿಸಿ, ಅಷ್ಟರಲ್ಲಿ ಯಾವ ಸುದ್ದಿ ಓದಲು ಬಂದಿದ್ದೆವೆಂಬುದನ್ನು ಮರೆಯುತ್ತಾರೆ. ಲ್ಯಾಪ್‌ಟಾಪಿನ ಕ್ಯಾಮೆರಾ ಕಣ್ಣಿಗೆ ಹೆಂಡತಿಯ ಹಣೆಯ ಕೆಂಪು ಸ್ಟಿಕ್ಕರ್ ಅಂಟಿಸಿದ್ದಾರೆ. ಆ ಲ್ಯಾಪ್‌ಟಾಪನ್ನು ನೋಡಿದಾಗಲೆಲ್ಲ ಅರಿಶಿನ-ಕುಂಕುಮಕ್ಕೆ ಕರೆಯಬೇಕೆನಿಸುತ್ತದೆ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟ ಮೇಲೆ ಮಾಡುವ ಮೊದಲ ಕೆಲಸ, ಅಡುಗೆಮನೆಯ ಮಾತಾಡುವ ಡಬ್ಬಿಯ ವೈರು ಕೀಳುವುದು. ಅದರಲ್ಲಿ ನನ್ನ ಹೆಂಡತಿ ಇಪ್ಪತ್ತು ನಿಮಿಷದ ಅಲಾರಂ ಇಟ್ಟಿರುತ್ತಾಳೆ. ರಾಯರ ಗೌಪ್ಯತೆಗಾಗಿ ನಮ್ಮ ಮನೆಯಲ್ಲಿ ಎಷ್ಟು ತೊಗರಿಬೇಳೆ ತಳ ಹಿಡಿದಿದೆಯೋ ಲೆಕ್ಕವಿಲ್ಲ.

“ಹುಲ್ಲು ಪುಕ್ಕಟೆ ಹಾಕ್ತಾ ಇದಾನೆ ಅಂದ್ರೆ ಹಾಲು ಕರೆಯೋದು ಯಾರನ್ನ ಅಂತ ಯೋಚನೆ ಮಾಡಿ ಮಾರಾಯ್ರೆ” ಎಂಬುದು ಅವರ ಮೂಲಮಂತ್ರ. ಇಷ್ಟೆಲ್ಲ ಹೇಳುವವರ ಉದ್ಯೋಗ? ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಲಕ್ಷಾಂತರ ಜನರ ಮಾಹಿತಿ ತುಂಬಿದ ಡೇಟಾಬೇಸು ಕಾಯುವುದು. ಮಿಠಾಯಿ ಅಂಗಡಿಯವನು ಮನೆಯಲ್ಲಿ ಸಿಹಿ ಮುಟ್ಟದ ಹಾಗೆ ಇರಬಹುದು.

ಊರಿನಿಂದ ನೆಂಟರು ಬಂದರೆ ಅವರು ಮಾಡಿಸುವ ಲಂಡನ್ ದರ್ಶನವೂ ಬೇರೆ. ಮೊದಲು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಿಂದ ನಿಂತಿರುವ ಬಸವಣ್ಣನವರ ಪ್ರತಿಮೆಗೆ ನಮಸ್ಕಾರ. ಆಮೇಲೆ ಬಿಗ್ ಬೆನ್ ಅಲ್ಲ, ನ್ಯೂ ಆಕ್ಸ್‌ಫರ್ಡ್ ಸ್ಟ್ರೀಟ್. ಅಲ್ಲಿ ಒಂದು ಸಾಮಾನ್ಯ ಆಫೀಸು ಕಟ್ಟಡದೆದುರು ನಿಲ್ಲಿಸಿ, “ಜನರ ಫೇಸ್‌ಬುಕ್ ಮಾಹಿತಿ ಬಾಚಿಕೊಂಡ ಕೇಂಬ್ರಿಜ್ ಅನಾಲಿಟಿಕಾ ಇದ್ದದ್ದು ಇಲ್ಲೇ. 2018ರ ಮಾರ್ಚಿನಲ್ಲಿ ಸರ್ಕಾರದ ಮಾಹಿತಿ ಆಯುಕ್ತರ ಕಡೆಯವರು ಕೋರ್ಟಿನ ವಾರಂಟು ಹಿಡಿದು ರಾತ್ರಿ ಹೊತ್ತು ಒಳಗೆ ಹೋದದ್ದು ಈ ಬಾಗಿಲಿನಿಂದಲೇ” ಎನ್ನುತ್ತಾರೆ, ವೀರಗಲ್ಲು ತೋರಿಸುವವರ ದನಿಯಲ್ಲಿ. ಕೊನೆಗೆ ಕಿಂಗ್ಸ್ ಕ್ರಾಸ್. ಅಲ್ಲಿ ಗೂಗಲ್ ಕಟ್ಟಿಸಿದ ಕಟ್ಟಡ 330 ಮೀಟರ್ ಉದ್ದ. ಶಾರ್ಡ್ ಗೋಪುರವನ್ನು ತಂದು ಪಕ್ಕದಲ್ಲಿ ಮಲಗಿಸಿದರೂ ಇಪ್ಪತ್ತು ಮೀಟರ್ ಸಾಲದು. ಅರಮನೆ ನೋಡದೆ ಊರಿಗೆ ಮರಳಿದ ಅವರ ಸೋದರಮಾವ ಇಂದಿಗೂ ಲಂಡನ್ ಎಂದರೆ ಬಸವಣ್ಣ ಮತ್ತು ಎರಡು ಆಫೀಸು ಎಂದುಕೊಂಡಿದ್ದಾರೆ.

ನಾನು ಅನುಭವಿಸಿದ್ದು ಮಾತ್ರ 2021ರ ಜನವರಿಯಲ್ಲಿ. ಮೂರನೆಯ ಲಾಕ್‌ಡೌನ್ ಆಗಷ್ಟೇ ಶುರುವಾಗಿತ್ತು. ಮೂವತ್ತನಾಲ್ಕು ಜನರ ನಮ್ಮ ‘ಹರಟೆಕಟ್ಟೆ’ ಎಂಬ ವಾಟ್ಸಾಪ್ ಗುಂಪೇ ಆಗ ನಮ್ಮ ಸಂತೆ, ದೇವಸ್ಥಾನ, ಆಸ್ಪತ್ರೆ. ಯಾರಿಗೆ ಜ್ವರ, ಎಲ್ಲಿ ಕರಿಬೇವು ಸಿಕ್ಕಿತು, ಎಲ್ಲ ಅದರಲ್ಲೇ. ಅಷ್ಟರಲ್ಲಿ ವಾಟ್ಸಾಪಿನ ಹೊಸ ನಿಯಮ ಒಪ್ಪಿಕೊಳ್ಳಿ, ಫೆಬ್ರುವರಿ 8 ಗಡುವು ಎಂಬ ನೋಟಿಸು ಎಲ್ಲರ ಫೋನಿಗೂ ಬಂತು. ಇಲಾನ್ ಮಸ್ಕ್ ‘ಸಿಗ್ನಲ್ ಬಳಸಿ’ ಎಂದು ಎರಡು ಪದ ಬರೆದ. ಜನ ಅವಸರದಲ್ಲಿ ಸಿಗ್ನಲ್ ಆ್ಯಪಿಗೆ ಏನೇನೂ ಸಂಬಂಧವಿಲ್ಲದ, ಹೆಸರಷ್ಟೇ ಹೋಲುವ ಟೆಕ್ಸಾಸಿನ ಪುಟ್ಟ ಕಂಪನಿಯೊಂದರ ಷೇರು ಕೊಂಡು ಅದರ ಬೆಲೆ ಹತ್ತು ಪಟ್ಟಿಗೂ ಮೀರಿ ಏರಿಸಿದರು. ನಮ್ಮ ರಾಯರು ಷೇರು ಕೊಳ್ಳಲಿಲ್ಲ, ನಮ್ಮನ್ನು ಹೊರಡಿಸಿದರು.

ಉಳಿದ ಮೂವತ್ತಮೂರು ಜನರಿಗೆ ಮೂವತ್ತಮೂರು ಫೋನ್ ಕರೆ. ಎಪ್ಪತ್ತು ದಾಟಿದ ಡಾಕ್ಟರಮ್ಮನಿಗೆ ಕಿಟಕಿಯಾಚೆ ಮಳೆಯಲ್ಲಿ ನಿಂತು, ಗಾಜಿನ ಮೇಲೆ ಬೆರಳಿಟ್ಟು, ಎಲ್ಲಿ ಒತ್ತಬೇಕೆಂದು ಕಲಿಸಿದರು. ಸಂಕ್ರಾಂತಿಯ ದಿನ ಹೊಸ ಮನೆಯಲ್ಲಿ ಎಳ್ಳು-ಬೆಲ್ಲದ ಚಿತ್ರ ಹಾಕಿ ಗೃಹಪ್ರವೇಶವಾಯಿತು. ಮರುದಿನ, 15ನೇ ತಾರೀಕು, ಜಗತ್ತಿನಾದ್ಯಂತ ನಮ್ಮಂಥ ಕೋಟ್ಯಂತರ ನೆಂಟರು ಒಟ್ಟಿಗೆ ನುಗ್ಗಿದ ಭಾರಕ್ಕೆ ಸಿಗ್ನಲ್ ಮಲಗಿಬಿಟ್ಟಿತು. ಏಳಲು ಒಂದು ದಿನ ಬೇಕಾಯಿತು. ಅಷ್ಟರಲ್ಲಿ ಮೂವತ್ತೊಂದು ಜನ ತೆಪ್ಪಗೆ ಹಳೆಯ ಕಟ್ಟೆಗೆ ವಾಪಸಾಗಿದ್ದರು. ಆಮೇಲೆ ತಿಳಿದ ಸಂಗತಿ ಇನ್ನೂ ಸೊಗಸು. ಯುರೋಪು ಮತ್ತು ಬ್ರಿಟನ್ನಿನವರ ಮಾಹಿತಿ ಹಂಚಿಕೆಯಲ್ಲಿ ಆ ನೋಟಿಸಿನಿಂದ ಬದಲಾವಣೆಯೇನೂ ಇಲ್ಲ ಎಂದು ಕಂಪನಿ ಹೇಳಿತು. ಹದಿನೆಂಟು ಪುಟ ಓದುವ ಮಹಾನುಭಾವರು ಅದೊಂದನ್ನು ಓದಿರಲಿಲ್ಲ. ಓದದೇ ಅವರ ಹಿಂದೆ ಓಡಿದ ನನ್ನ ವಿಷಯ ಕೇಳಲೇಬೇಡಿ.

ಅದೇ ವರ್ಷ ಅಕ್ಟೋಬರ್ 4 ರಾಯರ ದೀಪಾವಳಿ. ಸಂಜೆ ಐದಕ್ಕೆ ಮುಂಚೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಕಣ್ಮುಚ್ಚಿದವು, ಆರು ಗಂಟೆ ಏಳಲಿಲ್ಲ. ದುರಸ್ತಿಗೆ ಹೋದ ಕಂಪನಿಯವರೇ ತಮ್ಮ ಊರಿಗೆ ಬರುವ ದಾರಿಯ ಬೋರ್ಡುಗಳನ್ನೆಲ್ಲ ಕಿತ್ತುಹಾಕಿದಂತಾಗಿತ್ತು. ರಾಯರು ಪೈಜಾಮದ ಮೇಲೆ ಜರ್ಕಿನ್ ತೊಟ್ಟು ಮನೆಮನೆಗೂ ಹೋಗಿ, “ನಾ ಹೇಳಿರಲಿಲ್ವಾ?” ಎಂದು ಬಂದರು. ಸಿಗ್ನಲ್‌ನಲ್ಲಿ ಹೇಳೋಣವೆಂದರೆ ಅಲ್ಲಿ ಯಾರಿದ್ದರು?

ಅರ್ಧ ಗಂಟೆಗೆ ಮತ್ತೆ ಬಾಗಿಲು ಬಡಿದ ಸದ್ದು. ಈ ಸಲ ದನಿ ಇಳಿದಿತ್ತು. “ನಿಮ್ಮ ವಾಟ್ಸಾಪ್... ಇನ್ನೂ ಬಂದಿಲ್ವಾ?”

“ನೀವು ಅದನ್ನು ತೆಗೆದುಹಾಕಿ ಒಂಬತ್ತು ತಿಂಗಳಾಯಿತಲ್ಲ ರಾಯರೆ!”

ಅವರು ಫೋನು ತೋರಿಸಿದರು. ಕ್ಯಾಲ್ಕುಲೇಟರಿಗೂ ದಿಕ್ಸೂಚಿಗೂ ನಡುವೆ ಒಂದು ಪೆಟ್ಟಿಗೆಯೊಳಗೆ ಹಸುರು ಗುಂಡಿ ಅಡಗಿ ಕೂತಿತ್ತು. ಊರಲ್ಲಿ ಅಮ್ಮ. ಅಲ್ಲಿ ಒಂಬತ್ತೂವರೆ, ಧಾರಾವಾಹಿ ಮುಗಿಯುತ್ತದೆ, ಮಗನ ಮುಖ ನೋಡಿ ಮಲಗುತ್ತಾರೆ. ಸಿಗ್ನಲ್ ಹಾಕಿಸಿಕೊಡಲು ಪಕ್ಕದ ಮನೆ ಹುಡುಗನನ್ನು ಕಳಿಸಿದರೆ, “ಎಂತಕ್ಕಾ ಹೊಸತು? ನೀನು ಇದ್ರಲ್ಲೇ ಕಾಣ್ತೀಯಲ” ಎಂದು ಅವನಿಗೆ ಕಾಫಿ ಕೊಟ್ಟು ವಾಪಸು ಕಳಿಸಿದ್ದರಂತೆ. ಅಮ್ಮನಿಗೆ ಕಾಣುವುದು ಮಗ, ಇತ್ತ ರಾಯರಿಗೆ ಕಾಣುವುದು ಅರ್ಧ ಹಣೆ ಮತ್ತು ತಿರುಗುವ ಫ್ಯಾನು.

“ಸುಮ್ಮನೆ ಫೋನೇ ಮಾಡಿ” ಎಂದೆ. ಫೋನಿನಿಂದ ಫೋನೂ ಮಾಡಬಹುದು ಎಂಬುದನ್ನು ಇಬ್ಬರೂ ಮರೆತಿದ್ದೆವು. ಸ್ಪೀಕರಿನಲ್ಲೇ ಮಾಡಿದರು.

“ಅಮ್ಮಾ, ನಾನು, ಲಂಡನ್ನಿಂದ.”

ಆ ಕಡೆ ಕ್ಷಣಕಾಲ ಮೌನ. ಆಮೇಲೆ ಗಟ್ಟಿ ದನಿ: “ಮುಖ ತೋರಿಸದೆ ಮಾತಾಡಿದ್ರೆ ನಾ ನಂಬೂದಿಲ್ಲ. ನಮ್ಮ ಮಾಣಿ ಎಲ್ಲ ಹೇಳಿಕೊಟ್ಟಿದಾನೆ. ಓಟಿಪಿ ಕೊಡೂದಿಲ್ಲ!” ಲೈನು ಕಟ್ಟಾಯಿತು.

ರಾಯರು ನಗಲೂ ಆಗದೆ ಫೋನನ್ನೇ ನೋಡುತ್ತ ನಮ್ಮ ಹೊಸ್ತಿಲ ಮೇಲೆ ಕೂತರು. ನಾನೂ ಕೂತೆ. ಆಗ ಅವರ ಮೇಲೆ ನನಗಿದ್ದ ಸಿಟ್ಟು ಎಲ್ಲಿ ಹೋಯಿತೋ, ಮರುದಿನ ಹುಡುಕಿದರೂ ಪೂರ್ತಿ ಸಿಗಲಿಲ್ಲ.

ಆಮೇಲೂ ಅವರು ನಿಲ್ಲಲಿಲ್ಲ. ‘ಕೂ’ ಎಂಬ ಹಳದಿ ಹಕ್ಕಿಯ ಆ್ಯಪು ಬೆಂಗಳೂರಿನದು, 2020ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ ಎಂದು ಕಣ್ಣು ತುಂಬಿಕೊಂಡು ಕರೆದೊಯ್ದರು. 2024ರ ಜುಲೈನಲ್ಲಿ ಅದು ಕೂಗು ನಿಲ್ಲಿಸಿದಾಗ ರಾಯರು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. 2014ರಲ್ಲಿ ಆರ್ಕುಟ್ ಮುಚ್ಚಿದಾಗಲೂ ಹೀಗೇ ಆಗಿತ್ತಂತೆ. ಹಾಸ್ಟೆಲಿನ ಗೆಳೆಯರು ಬರೆದ ಸ್ಕ್ರ್ಯಾಪುಗಳನ್ನು ಇಳಿಸಿಕೊಳ್ಳಲು ಸಮಯ ಕೊಟ್ಟಿದ್ದರು, ಇವರು ನಾಳೆ ನಾಡಿದ್ದು ಎನ್ನುತ್ತ ಬಿಟ್ಟರು. ಆ ಗೆಳೆಯರಲ್ಲಿ ಇಬ್ಬರು ಈಗಿಲ್ಲ. ಇದನ್ನು ಹೇಳುವಾಗ ಮಾತ್ರ ಅವರು ಯಾವ ಕಂಪನಿಯನ್ನೂ ಬೈಯುವುದಿಲ್ಲ.

ಸದ್ಯ ನಾವಿರುವ ಆ್ಯಪಿನ ಹೆಸರು ನನಗೆ ಉಚ್ಚರಿಸಲು ಬಾರದು. ‘ಹರಟೆಕಟ್ಟೆ’ಯಲ್ಲಿ ಇಬ್ಬರೇ ಸದಸ್ಯರು, ರಾಯರು ಮತ್ತು ನಾನು. ಕಳೆದ ಬೇಸಿಗೆಯಲ್ಲಿ ಒಮ್ಮೆ ತೆರೆದು ನೋಡಿದರೆ ಎಂಟು ದಿನ ಹಿಂದಿನ ಸಂದೇಶ: “ಸೌತಾಲಿನಲ್ಲಿ ಹಲಸಿನಹಣ್ಣು ಸಿಕ್ಕಿತು. ಬೇಗ ಬನ್ನಿ.” ಉತ್ತರ ಬರೆಯಹೋದರೆ ಪಾಸ್‌ವರ್ಡ್ ಕೇಳಿತು, ನೆನಪಾಗಲಿಲ್ಲ. ಚಪ್ಪಲಿ ಮೆಟ್ಟಿ ನಾಲ್ಕು ಮನೆ ದಾಟಿ ಬಾಗಿಲು ಬಡಿದೆ.

“ಎಂತ ಮಾರಾಯ್ರೆ, ಮೆಸೇಜು ಗಿಸೇಜು ಇಲ್ದೆ ಹೀಗೆ ಬಂದುಬಿಟ್ರಿ?” ಎಂದರು ರಾಯರು. ತಲೆಯ ಮೇಲೆ ವಿಮಾನ ಹಾದು ಹೋಗುವವರೆಗೆ ಇಬ್ಬರೂ ಸುಮ್ಮನೆ ನಿಂತೆವು. ಆಮೇಲೆ ಒಳಗೆ ಹೋಗಿ ಒಂದು ಪೊಟ್ಟಣ ತಂದರು. “ಹಣ್ಣು ಮುಗೀತು. ಬೀಜ ಇದಾವೆ, ಸಾಂಬಾರಿಗೆ ಹಾಕಿ.”