ಹವ್ಯಾಸಿ ವರ್ಣಸಂಕರ ಮೀಮಾಂಸೆ

ಹವ್ಯಾಸಿ ಚಿತ್ರಕಾರ ಎಷ್ಟು ಬಣ್ಣ ಬೆರೆಸಿದರೂ ಕೊನೆಗೆ ಕೈಗೆ ಬರುವುದು ಕೆಸರೇ ಎಂಬುದು ಲೋಕಪ್ರಸಿದ್ಧ. ಆದರೂ ಯಾವ ಪಂಡಿತರೂ ಇದನ್ನು ಶಾಸ್ತ್ರವಾಗಿ ನಿರೂಪಿಸುವ ಕೃಪೆ ತೋರದ ಕಾರಣ ಆ ಭಾರ ಈ ಅಲ್ಪಮತಿಯ ಮೇಲೆ ಬಿದ್ದಿದೆ.

ಈ ಶಾಸ್ತ್ರದ ಮೂಲಪುರುಷ ಐಸಾಕ್ ನ್ಯೂಟನ್. ಬೆಳಕಿನ ಬಣ್ಣಗಳೆಲ್ಲ ಕೂಡಿದರೆ ಬಿಳಿ ಎಂದು ಪ್ರಿಸಮ್ ಹಿಡಿದು ತೋರಿಸಿದ ಆ ಮಹಾನುಭಾವ, ಬಣ್ಣದ ಪುಡಿಗಳನ್ನೂ ಬೆರೆಸಿ ನೋಡಿದ್ದಾಗಿ 1704ರ ‘ಆಪ್ಟಿಕ್ಸ್’ನಲ್ಲಿ ಬರೆಯುತ್ತಾನೆ. ಬಂದದ್ದು ಬೂದು. ನಾವು ನೀವಾಗಿದ್ದರೆ ತಟ್ಟೆ ತೊಳೆದಿಟ್ಟು ಮಲಗುತ್ತಿದ್ದೆವು. ಆತ ಆ ಪುಡಿಯನ್ನು ಬಿಸಿಲಿಗಿಟ್ಟ, ಬಿಳಿ ಕಾಗದವೊಂದನ್ನು ಪಕ್ಕದ ನೆರಳಿಗಿಟ್ಟ. ತನ್ನನ್ನು ನೋಡಲು ಬಂದ ಸ್ನೇಹಿತನನ್ನು ಬಾಗಿಲಲ್ಲೇ ತಡೆದು, ಎರಡರಲ್ಲಿ ಒಳ್ಳೆಯ ಬಿಳಿ ಯಾವುದೆಂದು ಕೇಳಿದ. ಎರಡೂ ಒಳ್ಳೆಯ ಬಿಳಿಯೇ ಎಂದ, ಪಾಪ, ಆ ಸ್ನೇಹಿತ. ಇದರಿಂದ ಸಿದ್ಧವಾಗುವ ಮೊದಲ ಪ್ರಮೇಯ: ಮಿಶ್ರಣ ಕೆಟ್ಟಾಗ ತಿದ್ದಬೇಕಾದದ್ದು ಬೆಳಕನ್ನು, ಪ್ರೇಕ್ಷಕನನ್ನು ಹೊಸಿಲು ದಾಟಲು ಬಿಡಬಾರದು.

ಇಲ್ಲಿ ಟ್ಯೂಬ್‌ವಾದಿಗಳು ಪೂರ್ವಪಕ್ಷ ಹೂಡುತ್ತಾರೆ. ಅಂಗಡಿಯಲ್ಲಿ ಸಿದ್ಧ ಹಸಿರು ಸಿಗುವಾಗ ಬೆರೆಸುವ ಶ್ರಮವೇಕೆ? ಸ್ವಾಮಿ, ತಾವು ದುಡ್ಡು ಕೊಟ್ಟು ತಂದ ಸ್ಯಾಪ್ ಗ್ರೀನ್ ಟ್ಯೂಬಿನ ಮೇಲಿನ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿ. ಪಿಜಿ 7 ಎಂಬ ಥಾಲೋ ಹಸಿರು, ಜೊತೆಗೊಂದು ಹಳದಿ, ಹೀಗೆ ಒಂದಕ್ಕಿಂತ ಹೆಚ್ಚು ವರ್ಣದ್ರವ್ಯಗಳ ಸಂಕೇತ ಸಾಮಾನ್ಯವಾಗಿ ಅಲ್ಲಿರುತ್ತದೆ. ತಾವು ಬೆರೆಸಲೊಲ್ಲದ್ದನ್ನು ಕಾರ್ಖಾನೆಯವನು ಬೆರೆಸಿ ಕಳಿಸಿದ್ದಾನೆ. ಪೂರ್ವಪಕ್ಷ ನಿರಸ್ತವಾಯಿತು, ಟ್ಯೂಬಿನ ದುಡ್ಡು ವಾಪಸ್ ಬರದು.

ನೇರಳೆ ಪ್ರಕರಣ ಇನ್ನೂ ಕಠಿಣ. ಕೆಂಪು ನೀಲಿ ಸೇರಿದರೆ ನೇರಳೆ ಎಂದು ಡ್ರಾಯಿಂಗ್ ಮೇಷ್ಟ್ರು ಹೇಳಿದ್ದನ್ನು ವೇದವಾಕ್ಯವೆಂದು ನಂಬಿ, ಕ್ಯಾಡ್ಮಿಯಂ ಕೆಂಪಿಗೆ ಥಾಲೋ ನೀಲಿ ಸುರಿದವನಿಗೆ ದೊರೆಯುವುದು ಕಪ್ಪುಗಂದು. ಆ ಕೆಂಪು ಕಿತ್ತಳೆಯ ಕಡೆ ವಾಲಿದ್ದು, ಆ ನೀಲಿ ಹಸಿರಿನ ಕಡೆ ವಾಲಿದ್ದು. ಎರಡರ ಸೆರಗಿನಲ್ಲೂ ಅಡಗಿ ಬಂದ ಹಳದಿ ನೇರಳೆಯ ಕತ್ತು ಹಿಸುಕುತ್ತದೆ. ಕ್ವಿನಾಕ್ರಿಡೋನ್ ಮಜೆಂತಾಗೆ ಅಲ್ಟ್ರಾಮರೀನ್ ಸೇರಿಸಿದರೆ ಅಪ್ಪಟ ನೇರಳೆ ಒಲಿಯುತ್ತದೆ. ಇದನ್ನು ಓದಿ ತಿಳಿದವರು ಬಹಳ, ಬ್ರಷ್ ಅದ್ದುವಾಗ ನೆನಪಿಟ್ಟವರು ವಿರಳ.

ಪ್ರಮಾಣದ ವಿಚಾರದಲ್ಲಿ ನಿಯಮ ಸರಳ: ಹಳದಿಗೆ ನೀಲಿಯನ್ನು ತುಸುತುಸುವೇ ಸೇರಿಸುತ್ತ ಹೋಗಬೇಕು. ತಿರುಗಾಮುರುಗಾ ಮಾಡಿದವನು, ಉಪ್ಪಿಟ್ಟಿಗೆ ನೀರು ಹೆಚ್ಚಾಯಿತೆಂದು ರವೆ, ರವೆ ಹೆಚ್ಚಾಯಿತೆಂದು ನೀರು ಸುರಿಯುವ ಬ್ರಹ್ಮಚಾರಿಯಂತೆ, ಒಂದು ಎಲೆ ಬಿಡಿಸಲು ಹೊರಟು ಆಗುಂಬೆಯ ಕಾಡಿಗೆಲ್ಲ ಸಾಲುವಷ್ಟು ಹಸಿರು ಮಾಡಿಡುತ್ತಾನೆ. ಮರುದಿನ ಅದೇ ಹಸಿರು ಬೇಕೆಂದರೆ ಬ್ರಹ್ಮನಿಂದಲೂ ಆಗದು. (ಜಲವರ್ಣ ಒಣಗಿದರೆ ತಿಳಿಯಾಗುತ್ತದೆ, ಅಕ್ರಿಲಿಕ್ ಒಣಗಿದರೆ ಗಾಢವಾಗುತ್ತದೆ. ಹೀಗಾಗಿ ಸರಿಯಾಗಿ ಬೆರೆಸಿದ್ದೂ ತಪ್ಪಾಗಿಯೇ ಒಣಗುತ್ತದೆ.)

ಈಗ ಮುಖ್ಯ ಸಿದ್ಧಾಂತ. ಚಿತ್ರದ ವಸ್ತುವನ್ನು ಕಲಾವಿದ ಆರಿಸುತ್ತಾನೆಂಬುದು ವಿಮರ್ಶಕರ ಭ್ರಮೆ. ಆರಿಸುವುದು ಪ್ಯಾಲೆಟ್ಟಿನ ಕೆಸರು. ಸೂರ್ಯಕಾಂತಿಯ ಹೊಲವೆಂದು ಶುರುವಾದದ್ದು, ಹಳದಿಗೆ ತೊಳೆಯದ ಬ್ರಷ್ ತಗಲಿದೊಡನೆ ಮುಸ್ಸಂಜೆಯ ಹೊಲವಾಗುತ್ತದೆ. ತಿದ್ದಲು ನೇರಳೆ ಹಚ್ಚಿದಾಗ ಮುಂಗಾರು ಮೋಡ ಕವಿಯುತ್ತದೆ. ಗಾಬರಿಯಲ್ಲಿ ಟೈಟಾನಿಯಂ ವೈಟ್ ಬಳಿದರೆ ಮಂಜಿನ ಮಡಿಕೇರಿ. ಅದೂ ಕೈಕೊಟ್ಟರೆ ಎಮ್ಮೆ. ನಮ್ಮ ಹವ್ಯಾಸಿ ಕಲೆಯ ತುಂಬ ಎಮ್ಮೆಗಳು ಮೇಯುತ್ತಿರುವುದಕ್ಕೆ ಗ್ರಾಮೀಣ ಸಂವೇದನೆ ಮುಂತಾದ ಕಾರಣ ಹುಡುಕುವವರು ಒಮ್ಮೆಯೂ ಬ್ರಷ್ ಹಿಡಿದವರಲ್ಲ.

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗುವ ಓದುಗರಲ್ಲಿ ಒಂದು ವಿನಂತಿ. ಮಳೆಯಲ್ಲಿ ನಿಂತ ಎಮ್ಮೆಯ ಚಿತ್ರ ಕಂಡರೆ, ಇದು ಮೊದಲು ಏನಾಗಿತ್ತು ಎಂದು ಕೇಳಬೇಡಿ. ಬೆಲೆ ಕೇಳಿ. ಸಾಧ್ಯವಾದರೆ ಚೌಕಾಸಿ ಮಾಡದೆ ಕೊಳ್ಳಿ.