ಶಾಂತಿ ಹುಡುಕಿ ಬಂದವರು

ಕಡಲತಡಿಯ ಮೀನುಗಾರರ ಊರಿಗೆ ಪೇಟೆಯವರು ಬರುವುದು ಶಾಂತಿ ಹುಡುಕಿಕೊಂಡು. ಉಡುಪಿ ಬಳಿಯ ಕೋಡಿ ಬೆಂಗ್ರೆಯಂಥ ಊರಿನಲ್ಲಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಇರುವುದೆಲ್ಲ ಶಾಂತಿ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪು ಎನ್ನಲು ಸಾಕ್ಷಿ ಬೇಕಷ್ಟಿದೆ. ಬೆಳಕು ಹರಿಯುವ ಮೊದಲೇ ದೋಣಿಯ ಎಂಜಿನ್ ಸದ್ದು. ದೋಣಿ ದಡ ಸೇರಿದರೆ ಬಂಗುಡೆ, ಬೂತಾಯಿಯ ಏಲಂ. ಏಲಂ ಮುಗಿದರೆ ಬುಟ್ಟಿ ಹೊತ್ತ ಹೆಂಗಸರ ಚೌಕಾಸಿ. ಮೇಲೆ ಕಾಗೆ, ಕೆಳಗೆ ಬೆಕ್ಕು, ಎಲ್ಲರಿಗೂ ಕೆಲಸವಿದೆ. ಸುಮ್ಮನೆ ಕೂತಿರುವ ಒಂದೇ ಜೀವಿಯೆಂದರೆ ಪ್ರವಾಸಿ.

ಮಳೆಗಾಲದಲ್ಲಾದರೂ ಊರು ಮಲಗುತ್ತದಲ್ಲ ಎಂಬ ವಾದವಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ನಿಜ. ಆದರೆ ರಜೆ ಸಿಕ್ಕಿದ್ದು ಮೀನಿಗೆ, ಮನುಷ್ಯರಿಗಲ್ಲ. ಬಲೆ ಹೆಣೆಯಬೇಕು, ಬೋಟಿಗೆ ಬಣ್ಣ ಬಳಿಯಬೇಕು. ನಾಡದೋಣಿಯವರು ಆಗಲೂ ಕಡಲಿಗಿಳಿಯುವುದರಿಂದ ಮೀನಿನ ರಜೆಯೂ ಅರ್ಧಂಬರ್ಧ. ಇನ್ನು ವಾಸನೆಯ ತಕರಾರು. ಒಣಮೀನು ಕಂಡು ಮೂಗು ಮುಚ್ಚಿಕೊಂಡವರೇ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಮೇಲೆ ಮೀನುಸಾರು ಬಿದ್ದಾಗ ಅದೇ ಮೂಗನ್ನು ತಟ್ಟೆಗೆ ತಾಗುವಷ್ಟು ಬಗ್ಗಿಸುತ್ತಾರೆ. ಅವರ ಸಾಕ್ಷ್ಯ ಯಾವ ಕೋರ್ಟಿನಲ್ಲೂ ನಿಲ್ಲದು. ಶಾಂತಿಯೇ ಬೇಕಾದವರು ಭಾನುವಾರ ತಮ್ಮ ಆಫೀಸಿಗೆ ಹೋಗಲಿ. ಇಲ್ಲಿಗೆ ಬರುವವರು ಬೇಗ ಏಳುವುದನ್ನೂ ಚೌಕಾಸಿಯನ್ನೂ ಕಲಿತು ಬರಲಿ.